ಚಿಕ್ಕಪ್ಪನ ಮೋಟಾರ್ ಸೈಕಲ್ ಮತ್ತೆ ಚಾಲನೆಗೊಂಡ ಬಗ್ಗೆ

ಪೆಟ್ರೋಲಿನೊಂದಿಗೆ ಬೆರೆತ ಎಣ್ಣೆ ಸುಡುವಾಗ ಏಳುವ ನೀಲಿ ಹೊಗೆಯ ವಾಸನೆ ಈಗಿನ ಗಾಡಿಗಳಿಂದ ಬರುವುದಿಲ್ಲ. ಈಚೆಗೆ ಚಳ್ಳಕೆರೆಯ ಒಂದು ಗ್ಯಾರೇಜಿನ ಮುಂದೆ ಆ ವಾಸನೆ ಮೂಗಿಗೆ ತಾಗಿದೊಡನೆ ನಮ್ಮ ಹಳೆಯ ಮನೆ ಎದುರಿಗೆ ಬಂದು ನಿಂತಿತು: ಅಂಗಳದ ತುಂಬ ಒಣಗಲು ಹರಡಿದ ಶೇಂಗಾ, ಹಿತ್ತಲಿನ ಎಣ್ಣೆ ಗಿರಣಿಯಿಂದ ಬರುವ ಬಿಸಿ ಹಿಂಡಿಯ ಘಮ, ಒಲೆಯ ಮುಂದೆ ಮುದ್ದೆ ತೊಳಸುವ ಚಿಕ್ಕಮ್ಮನ ಬಳೆಗಳ ಸದ್ದು. ಆ ಮನೆ ಈಗ ಇಲ್ಲ. ತಾವೂ ಅಂಥದೊಂದು ಮನೆಯನ್ನು ಕಳೆದುಕೊಂಡವರಾಗಿದ್ದಲ್ಲಿ, ಈ ಕೆಳಗೆ ನಿವೇದಿಸಿಕೊಂಡಿರುವ ಸಂಗತಿಯನ್ನು ಸಹನೆಯಿಂದ ಪರಿಶೀಲಿಸಬೇಕಾಗಿ ಕೋರುತ್ತೇನೆ.

ನನ್ನ ಅವ್ವ ನನಗೆ ತಿಳಿವಳಿಕೆ ಬರುವ ಮೊದಲೇ ತೀರಿಕೊಂಡಿದ್ದಳು. ನನ್ನನ್ನು ಉಣಿಸಿ, ಮೀಯಿಸಿ, ಸೆರಗಿನಲ್ಲಿ ಮುಖ ಒರೆಸಿ ಬೆಳೆಸಿದವರು ಚಿಕ್ಕಮ್ಮ. ಅವರ ತವರು ಮೊಳಕಾಲ್ಮೂರು. ಮಾತಿನ ನಡುವೆ ತೆಲುಗು ಬರುತ್ತಿತ್ತು. ನನ್ನನ್ನು ಅವರು ಹೆಸರಿನಿಂದ ಕರೆಯದೆ, ತೆಲುಗಿನಲ್ಲಿ ಹುಡುಗನಿಗೆ ಅನ್ನುವಂತೆ, ‘ಅಬ್ಬಾಯಿ’ ಎನ್ನುತ್ತಿದ್ದರು. ಚಿಕ್ಕಪ್ಪನ ಬಳಿ ಕಪ್ಪು ಬಣ್ಣದ, ಎರಡು ಸೈಲೆನ್ಸರಿನ ಮೋಟಾರ್ ಸೈಕಲ್ ಇತ್ತು. ಚಿಕ್ಕಮ್ಮನ ತವರಿಗೆ ಹೊರಟಾಗ ನನ್ನನ್ನು ಟ್ಯಾಂಕಿನ ಮೇಲೆ ಕೂರಿಸಿಕೊಳ್ಳುತ್ತಿದ್ದರು. ಬಿಸಿಲಿಗೆ ಕಾದ ತಗಡು ತೊಡೆಗಳನ್ನು ಚುರುಗುಟ್ಟಿಸುತ್ತಿತ್ತು, ಎಂಜಿನ್ನಿನ ನಡುಕ ಹಲ್ಲುಗಳವರೆಗೆ ಏರುತ್ತಿತ್ತು, ಬದಿಯ ತಂಗಡಿ ಗಿಡಗಳ ಹಳದಿ ಹೂಗಳು ಗೆರೆಯಾಗಿ ಹಿಂದೆ ಸರಿಯುತ್ತಿದ್ದವು. ಒಮ್ಮೊಮ್ಮೆ ಸಿದ್ದಾಪುರದ ಕಡೆಗೆ ತಿರುಗಿ, ಬ್ರಹ್ಮಗಿರಿಯ ಬಂಡೆಗಳ ನೆರಳಿನಲ್ಲಿ ಗಾಡಿ ನಿಲ್ಲಿಸಿ, ಚಿಕ್ಕಮ್ಮ ಕಟ್ಟಿಕೊಂಡು ಬಂದ ರೊಟ್ಟಿ ಬಿಚ್ಚುತ್ತಿದ್ದೆವು.

ಅಪ್ಪ ಮನೆಯ ಹಿರಿಯರು. ಹೆಚ್ಚು ಮಾತಿನವರಲ್ಲ, ಆಡಿದ ಮಾತಿಗೆ ಎದುರು ಮಾತು ಇರಲಿಲ್ಲ. ಗಿರಣಿ ಬಿಟ್ಟು, ಮೊಳಕಾಲ್ಮೂರಿನ ರೇಷ್ಮೆ ಸೀರೆಗಳನ್ನು ಮೋಟಾರ್ ಸೈಕಲ್ಲಿನ ಮೇಲೆ ಊರೂರಿಗೆ ಒಯ್ದು ಮಾರುವುದಾಗಿ ಚಿಕ್ಕಪ್ಪ ಹೇಳಿದಂದಿನಿಂದ ಇಬ್ಬರೂ ಒಂದೇ ಪಂಕ್ತಿಯಲ್ಲಿ ಉಣ್ಣಲಿಲ್ಲ. ಅದೇ ದಿನಗಳಲ್ಲಿ ಗಾಡಿ ದಾರಿಯಲ್ಲಿ ಕೆಟ್ಟು ನಿಂತಿತು. ಚಿಕ್ಕಪ್ಪ ಅದನ್ನು ಶೇಂಗಾ ಲಾರಿಯ ಮೇಲೆ ಹೇರಿಕೊಂಡು ಬಂದರು. ಮರುದಿನ ಅಪ್ಪ ತಾವೇ ಮೆಕ್ಯಾನಿಕ್ಕಿಗೆ ತೋರಿಸಿಕೊಂಡು ಬಂದು, “ಎಂಜಿನ್ ಸೀಜ್ ಆಗೈತೆ, ಒಳಗೆಲ್ಲ ಸುಟ್ಟು ಹಿಡ್ಕಂಡೈತೆ. ಎಣ್ಣೆ ಬೆರೆಸ್ದೆ ಬರೀ ಪೆಟ್ರೋಲ್ ಹೊಡ್ಸೀಯ. ಇನ್ನದು ಗುಜರಿಗೇ” ಎಂದರು. ಚಿಕ್ಕಪ್ಪ ತಲೆ ಕೆರೆದುಕೊಂಡು, “ಹಾಕ್ಸಿದ್ನೋ ಇಲ್ವೋ, ನೆಪ್ಪಿಲ್ಲಣ್ಣ” ಎಂದರು. ಒಳಗಿನಿಂದ ಚಿಕ್ಕಮ್ಮ, “ಉಣ್ಣಾದು ಯಾವತ್ತಾರ ಮರ್ತೀರಾ? ಎಣ್ಣೆ ಹಾಕ್ಸಾದು ಮಾತ್ರ ಮರೀತೀರಿ” ಎಂದು ಚುಚ್ಚಿದರು. ಎಲ್ಲರೂ ನಕ್ಕರು. ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ಅದೇ ಕೊನೆ. ಸ್ವಲ್ಪ ದಿನಗಳಲ್ಲಿಯೇ ಗಂಡ ಹೆಂಡತಿ ಇಬ್ಬರೂ ಬಸ್ಸು ಹತ್ತಿ ಮೊಳಕಾಲ್ಮೂರಿಗೆ ಹೋದರು. ಗಾಡಿ ಗಿರಣಿಯ ಹೊಟ್ಟಿನ ಕೋಣೆ ಸೇರಿತು. ಚಿಕ್ಕಪ್ಪ ಬದುಕಿರುವಷ್ಟು ಕಾಲವೂ ಸೀರೆ ಗಂಟುಗಳನ್ನು ಹೆಗಲ ಮೇಲೆ ಹೊತ್ತು, ಬಸ್ಸಿನಿಂದ ಬಸ್ಸಿಗೆ ಹತ್ತಿ ಇಳಿದರೆಂದು ಬಂದವರು ಹೇಳುತ್ತಿದ್ದರು. ಅವರು ತೀರಿಕೊಂಡಾಗ ಅಪ್ಪ ಬರಲಿಲ್ಲ. ನಾನೊಬ್ಬನೇ ಮಣ್ಣಿಗೆ ಹೋಗಿ, ಚಿಕ್ಕಮ್ಮನನ್ನು ಮಾತನಾಡಿಸಲಾಗದೆ ಹಿಂದಿರುಗಿದೆ.

ಅಪ್ಪ ಕಾಲವಾದ ಮೇಲೆ, ಗಿರಣಿಯನ್ನು ಕೆಡವುವ ಮುನ್ನ ಹೊಟ್ಟಿನ ಕೋಣೆಯನ್ನು ತೆರೆಯಿಸಿದೆ. ಶೇಂಗಾ ಹೊಟ್ಟಿನಲ್ಲಿ ಅರ್ಧ ಹೂತು ಗಾಡಿ ನಿಂತಿತ್ತು. ಅದನ್ನು ಸರಿಪಡಿಸಿ ಚಿಕ್ಕಮ್ಮನ ಬಾಗಿಲಿಗೆ ಒಯ್ದು ನಿಲ್ಲಿಸಿದರೆ ಅವರು ನನ್ನನ್ನು ಪುನಃ ಒಳಗೆ ಕರೆಯಬಹುದೆಂಬ ಒಂದೇ ಆಸೆ ನನ್ನದಾಗಿತ್ತು. ಚಳ್ಳಕೆರೆಯ ಆ ಗ್ಯಾರೇಜಿನವನು ಎಂಜಿನ್ ಬಿಚ್ಚಿ ನೋಡಿ ನಕ್ಕ. “ಸೀಜ್ ಆಗೈತೆ ಅಂದೋನ್ ಯಾವನ್ ಸಾರ್? ಪಿಸ್ಟನ್ ಮೇಲೆ ಒಂದು ಗೀರಿಲ್ಲ. ನಿಮ್ಮ ಚಿಕ್ಕಪ್ಪ ಎಣ್ಣೆ ಸರಿಯಾಗೇ ಹಾಕ್ಸ್ಯಾರೆ. ಪ್ಲಗ್‌ನಾಗೆ ಮಸಿ ಕಟ್ಟಿತ್ತು, ಅಷ್ಟೇ.” ಪ್ಲಗ್ಗು ಬದಲಾಯಿತು, ಕಾರ್ಬುರೇಟರ್ ತೊಳೆದದ್ದಾಯಿತು, ತುಕ್ಕು ಹಿಡಿದ ಟ್ಯಾಂಕ್ ಸ್ವಚ್ಛವಾಯಿತು, ಹೊಸ ಟಯರುಗಳು ಬಂದವು. “ಒದೀರಿ ಸಾರ್, ಹೆಣ್ಣು ನೋಡಾಕ್ ಬಂದೋರಂಗೆ ನಾಚ್ಕಂಬ್ಯಾಡ್ರಿ” ಎಂದ. ಒದ್ದೆ. ಒದ್ದು ಒದ್ದು ಕಾಲು ಸೋಲುವ ಹೊತ್ತಿಗೆ ಗಾಡಿ ಕೆಮ್ಮಿ, ಉಗುಳಿ, ಆ ನೀಲಿ ಹೊಗೆಯನ್ನು ಬಿಟ್ಟಿತು. ಇಷ್ಟು ಸುಲಭವಾಗಿ ಮುಗಿಯಿತಲ್ಲ ಎಂಬ ಸಂತೋಷದಲ್ಲಿ, ಅವನಾಡಿದ ಮಾತಿನ ಅರ್ಥ ನನಗೆ ಹೊಳೆಯಲಿಲ್ಲ.

ಮೊಳಕಾಲ್ಮೂರಿನ ಆ ಬೀದಿಗೆ ತಿರುಗುವಾಗಲೇ ಸದ್ದು ಕೇಳಿ ಚಿಕ್ಕಮ್ಮ ಕಟ್ಟೆಯಿಂದ ಎದ್ದು ನಿಂತಿದ್ದರು. ಮಡಿಲಿನಲ್ಲಿದ್ದ ಅವರೆಕಾಯಿ ನೆಲಕ್ಕೆ ಚೆಲ್ಲಿತ್ತು. “ಅಬ್ಬಾಯೀ! ನೀನೇನೋ? ಗಡ್ಡ ನರೆತೈತಲ್ಲೋ!” ಎನ್ನುತ್ತ ಬಳಿಗೆ ಬಂದು, ಎಂಜಿನ್ ಆರಿಸದೆ ನಿಲ್ಲಿಸಿದ್ದ ಗಾಡಿಯ ಟ್ಯಾಂಕಿನ ಮೇಲೆ, ಕರುವಿನ ಮೈ ಸವರುವಂತೆ, ಕೈಯಾಡಿಸಿದರು. “ಸುಟ್ಟೋಗಿತ್ತಲ್ಲೋ ಇದು. ಏನೇನ್ ಹಾಕ್ಸಿದೆ ಎಂಜಿನ್ನಿಗೆ?”

“ಎಂಜಿನ್ನಿಗೆ ಏನೂ ಆಗಿರ್ಲಿಲ್ಲ ಚಿಕ್ಕಮ್ಮ. ಪ್ಲಗ್ಗಿಗೆ ಮಸಿ ಹಿಡಿದಿತ್ತು, ಅಷ್ಟೇ” ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ.

ಅವರ ಕೈ ಟ್ಯಾಂಕಿನ ಮೇಲಿಂದ ಜಾರಿತು.

“ಏನೂ ಆಗಿರ್ಲಿಲ್ವಾ?” ಎಂದರು. ಆಮೇಲೆ ನನಗಲ್ಲ ಎಂಬಂತೆ ಹೇಳಿದರು: “ಅವ್ರು ಗಂಟು ಹೊತ್ಕಂಡು ಬಂದು ಕುಂತಾಗೆಲ್ಲ ಅಂತಿದ್ದೆ ಕಣೋ, ಕೈಯಾರ ಸುಟ್ಕಂಡ್ರಿ, ಈಗ ಹೊರ್ರಿ ಅಂತ. ನಾಕ್ ಜನದ ಮುಂದೂ ಅಂದೀನಿ. ಹ್ಞೂಂ ಕಣೇ, ನಂದೇ ತಪ್ಪು ಅಂತಿದ್ರು. ಹಾಸಿಗೆ ಹಿಡಿದ್ ಮ್ಯಾಲೂ ಅಂದೆ. ಆಗ್ಲೂ ಹ್ಞೂಂ ಅಂದ್ರು.”

ತಮ್ಮನು ಮನೆ ಬಿಟ್ಟು ಹೋಗಬಾರದೆಂದು ಅಪ್ಪ ಆ ಸುಳ್ಳನ್ನು ಹೇಳಿದರೋ, ಹೋದವನು ಏಳಿಗೆ ಹೊಂದಬಾರದೆಂದು ಹೇಳಿದರೋ, ತಿಳಿಸಬೇಕಾದವರು ಈಗ ಯಾರೂ ಇಲ್ಲ. ಆ ಸುಳ್ಳನ್ನು ಅಪ್ಪನೊಂದಿಗೇ ಹೂಳಲಾಗಿತ್ತು; ಅಗೆದು, ತೊಳೆದು, ಹೊಳಪು ಕೊಟ್ಟು, ಆ ಬಾಗಿಲಿಗೆ ಒಯ್ದವನು ನಾನು.

“ಆರ್ಸು ಅದನ್ನ” ಎಂದರು ಚಿಕ್ಕಮ್ಮ. ಆರಿಸಿದೆ. “ತಗಂಡ್ ಹೋಗು.”

ಉಂಡು ಹೋಗು ಎನ್ನಲಿಲ್ಲ. ಅವರು ನೋಡುತ್ತಿರುವಾಗ ಅದನ್ನು ಮತ್ತೆ ಒದೆಯಲು ನನ್ನ ಕಾಲು ಏಳಲಿಲ್ಲ. ಬೀದಿಯುದ್ದಕ್ಕೂ ತಳ್ಳಿಕೊಂಡು ಹೋದೆ. ಮನೆಮನೆಯಲ್ಲಿ ಮಗ್ಗಗಳು ಬಡಿಯುತ್ತಿದ್ದವು. ಕೊನೆಯ ಮನೆ ದಾಟಿದ ಮೇಲೆಯೂ ನಿಲ್ಲದೆ, ಒದ್ದರೂ ಗಾಡಿಯ ಸದ್ದು ಇನ್ನು ಅವರ ಕಿವಿಗೆ ತಲುಪುವುದಿಲ್ಲವೆಂದು ಖಚಿತವಾಗುವಷ್ಟು ದೂರದವರೆಗೆ, ತಳ್ಳುತ್ತಲೇ ಇದ್ದೆ.