ಸಿಡಿಲವೀರ ಮತ್ತೊಮ್ಮೆ ಹುಟ್ಟಿದ

ಗೆಳೆಯರೇ, ಇವತ್ತು ಸಿಡಿಲವೀರನ ಹೊಸ ಚಿತ್ರಕಥೆ ಪುಸ್ತಕಕ್ಕೆಂದು ಹುಬ್ಬಳ್ಳಿಗೆ ಹೋಗಿ ಬಂದದ್ದು ದಂಡ. ನವಲಗುಂದದ ಬಸ್ಸಿನಲ್ಲಿ ಬಿಚ್ಚಿ ನೋಡಿದರೆ ಹೊಡೆದಾಟವೇ ಇಲ್ಲ. ಬಂಡೆಗೆ ಸಿಡಿಲು ಬಡಿಯಿತು, ಒಳಗೆ ಕೂಸು ಸಿಕ್ಕಿತು ಎಂಬ ಅದೇ ಹುಟ್ಟಿನ ಕಥೆ ಮತ್ತೆ!

ಮನೆಯಲ್ಲಿ ರೇಡಿಯೊದ ಸೆಲ್ ಮುಗಿದಿತ್ತು. "ಅದನ್ನರ ಓದಿ ಹೇಳೋ" ಎಂದಳು ಅಜ್ಜಿ. ಸಿಟ್ಟಿನಲ್ಲೇ ಗಡಗಡ ಓದಿದೆ. ಕೂಸು ಸಿಕ್ಕಿದ ಪುಟಕ್ಕೆ ಬಂದಾಗ ಅಜ್ಜಿ ಕೈಯೆತ್ತಿದಳು.

"ತಡಿ ತಮ್ಮಾ. ತೊಟ್ಟಿಲಾ ತೂಗಲಾರದ ಮುಂದ ಹ್ಯಾಂಗ ಓದ್ತಿ?"

ಮಠದ ಪುರಾಣದಲ್ಲಿ ಶರಣರು ಹುಟ್ಟುವ ದಿನ ತೊಟ್ಟಿಲು ತೂಗುವುದು ನಮ್ಮಲ್ಲಿ ರೂಢಿ. "ಆಯಿ, ಇದು ಪುರಾಣ ಅಲ್ಲಬೇ!" ಎಂದೆ.

"ಯಾವುದರ ಇರಲಿ. ಕೂಸು ಕೂಸ ಹೌದಲ್ಲ?"

ಅಷ್ಟರಲ್ಲಿ ಅಣ್ಣನ ಹೆಂಡತಿ, ನಮ್ಮ ವೈನಿ, ತಮ್ಮ ಸೀರೆಯನ್ನು ತೊಲೆಗೆ ಕಟ್ಟಿ ಜೋಲಿ ಮಾಡಿದ್ದರು. ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು, ಕೂಸಿನ ತಲೆ ಯಾವ ಕಡೆಗಿದೆ ಎಂದು ಚಿತ್ರ ನೋಡಿ, ಮೆತ್ತಗೆ ಮಲಗಿಸಿದರು. ಬಾಜು ಮನೆಯ ಹೆಂಗಸರು ಬಂದು ಜೋಗುಳ ಹಾಡಿದರು, ಸಕ್ಕರೆ ಹಂಚಿದರು. ಮಕ್ಕಳಿಲ್ಲದ ನಮ್ಮ ವೈನಿ ಅಷ್ಟು ಎತ್ತರದ ದನಿಯಲ್ಲಿ ಹಾಡಬಲ್ಲರೆಂದು ನನಗೆ ಗೊತ್ತೇ ಇರಲಿಲ್ಲ. ನಾನೂ ಜೋಲಿಗೆ ಕೈ ಹಚ್ಚಿ ತೂಗಿದೆ.

ಎಲ್ಲರೂ ಹೋದ ಮೇಲೆ ಪುಸ್ತಕ ಕೇಳಿದೆ. "ಈಗಷ್ಟ ಮಲಗ್ಯಾನ, ಎಬ್ಬಿಸಬ್ಯಾಡ್ರಿ" ಎಂದರು ವೈನಿ, ದನಿ ತಗ್ಗಿಸಿ.

ಹಾಗಾಗಿ ಸಿಡಿಲವೀರ ಇನ್ನೂ ಜೋಲಿಯಲ್ಲೇ ಇದ್ದಾನೆ. ಇವತ್ತು ಲೋಕದಲ್ಲಿ ಯಾರಿಗಾದರೂ ಕಷ್ಟ ಬಂದರೆ ಸ್ವಲ್ಪ ತಡೆದುಕೊಳ್ಳಬೇಕು.