ವಕೀಲರ ಮೇಜು ಕಾಯುವ ಗುಲಾಬಕ್ಕ

ಕುಂದಾಪುರದ ಮೀನುಪೇಟೆಯಲ್ಲಿ ಗುಲಾಬಕ್ಕನ ಹತ್ತಿರ ಬಂಗುಡೆ ಬೇಕೆಂದರೆ ಮೊದಲು ಸೈ ಹಾಕಬೇಕು. ಬಡವರ ಪರ ಸರ್ಕಾರದ ಖರ್ಚಿನಲ್ಲಿ ವಾದಿಸುವ ವಕೀಲರು ಬುಧವಾರ ಬುಧವಾರ ಬಂದು ಕೂರುವ ಮೇಜನ್ನು, ಅನುದಾನವಿಲ್ಲವೆಂದು ಎತ್ತಿಬಿಡುತ್ತಾರಂತೆ ಎಂಬ ಸುದ್ದಿ ಬಂದಂದಿನಿಂದ ಅವಳ ಬುಟ್ಟಿಯ ಪಕ್ಕ ಮನವಿಪತ್ರದ ಕಟ್ಟೊಂದು ಪ್ಲಾಸ್ಟಿಕ್ ಹೊದ್ದು ಕುಳಿತಿದೆ. "ಹ್ವಾಯ್, ಮೀನ್ ಎಲ್ಲೂ ಈಜ್ಕಂಡ್ ಹೋತಿಲ್ಲ, ಸೈ ಹಾಕಿ," ಎನ್ನುತ್ತಾಳೆ. "ನಮ್ಮನೇಲಿ ಕೇಸೇ ಇಲ್ಲ ಮಾರಾಯ್ತಿ," ಎಂದು ಯಾರಾದರೂ ನುಣುಚಿಕೊಂಡರೆ, "ಅಣ್ಣ-ತಮ್ಮ ಇದ್ರಲ್ದಾ, ಕೇಸ್ ಬತ್ತ್ ತಡೀರಿ," ಎಂದು ಕತ್ತಿ ಬದಿಗಿಡುತ್ತಾಳೆ. ಸೈ ಬೀಳುವ ತನಕ ಮೀನು ಕೊಯ್ದು ಕೊಡುವುದಿಲ್ಲ. ಹಾಳೆಗಳೆಲ್ಲ ಮೀನಿನ ನೀರು ತಾಗಿ ಸೆಟೆದಿವೆ. "ವಾಸ್ನೆಯಾದ್ರೂ ದೊಡ್ಡೋರ್ ಮೂಗಿಗ್ ತಾಗ್ಲಿ," ಎಂಬುದು ಅವಳ ಸಮಾಧಾನ. ಬುಧವಾರ ಮಾತ್ರ ಹನ್ನೊಂದಕ್ಕೇ ಬುಟ್ಟಿ ಮುಚ್ಚಿ, ಮುಖ ತೊಳೆದು, ಆ ಮೇಜಿನ ಮುಂದೆ ಹಾಜರು. ಸ್ವಾತಿ ವಕೀಲರು ಅವಳ ಅರ್ಜಿ ತೆಗೆಯುತ್ತಾರೆ: ದೋಣಿಯಲ್ಲಿ ಹೋದ ಗಂಡ ಶೀನ ಮೊಗವೀರ ಏಳು ವರ್ಷವಾದರೂ ಬಾರದ್ದರಿಂದ ತೀರಿಹೋದನೆಂದು ಕೋರ್ಟು ಘೋಷಿಸಬೇಕು, ಮನೆ ಅವಳ ಹೆಸರಿಗಾಗಬೇಕು. ಗುಲಾಬಕ್ಕ ಪೂರ್ತಿ ಓದಿಸಿಕೊಳ್ಳುತ್ತಾಳೆ, ಹೆಸರು ಬಂದ ಸಾಲನ್ನು ಇನ್ನೊಮ್ಮೆ ಓದಿಸುತ್ತಾಳೆ. ಆಮೇಲೆ, "ಇವತ್ ಬ್ಯಾಡ ಅಮ್ಮ, ಬಪ್ಪು ವಾರ ಕಾಂಬ," ಎಂದು ಸೈ ಹಾಕದೆ ಎದ್ದುಬಿಡುತ್ತಾಳೆ. ಎರಡು ವರ್ಷದಿಂದ ಹೀಗೇ ನಡೆದಿದೆ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ಅವಳ ಕಾಲದ ಹೆಂಗಸರಿಗಿಲ್ಲ, ಮನೆಯಲ್ಲಿ ಹೇಳುವವರೂ ಈಗ ಯಾರೂ ಉಳಿದಿಲ್ಲ. ವಾರಕ್ಕೆರಡು ಸಲ ಆ ಹೆಸರು ಕಿವಿಗೆ ಬೀಳುವುದು ಆ ಮೇಜಿನ ಮುಂದೆ ಮಾತ್ರ.