ಮೋಟಾರಿಗೆ ಒಲೆ ಹಚ್ಚುವ ಲಾಲಬಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹುಬ್ಬಳ್ಳಿಯ ಮೋಟಾರು ಸ್ಟ್ಯಾಂಡಿನ ಮೂಲೆಯಲ್ಲಿ ನಿಂತ ಬಸ್ಸೊಂದರ ಬೆನ್ನಿನಲ್ಲಿ ಕೆಂಡ ಮಿನುಗುತ್ತಿದೆ. ಬಸ್ಸಿಗೆ ಬೆಂಕಿ ಬಿತ್ತೆಂದು ಹೊಸಬರು ಚೊಂಬು ಹಿಡಿದು ಓಡಿ ಬರುವುದುಂಟು. ಬಂದವರಿಗೆ ಕಾಣುವುದು ಬಸ್ಸಿನ ಹಿಂಬದಿಗೆ ಬಿಗಿದ ಆಳೆತ್ತರದ ಕಬ್ಬಿಣದ ಒಲೆ. ಅದರ ಬುಡದಲ್ಲಿ ತಲೆಗೆ ಸೆರಗು ಬಿಗಿದು, ಊದುಯಂತ್ರದ ಹಿಡಿಕೆ ತಿರುಗಿಸುತ್ತಿರುವ ಐವತ್ತೈದರ ಒಬ್ಬ ಹೆಂಗಸು.

"ಹೆದರಬ್ಯಾಡ್ರಿ, ಮೋಟಾರಕ್ಕ ನಾಷ್ಟಾ ಕೊಡಾಕತ್ತೇನಿ" ಎನ್ನುತ್ತಾರೆ ಲಾಲಬಿ, ತಿರುಗಿಯೂ ನೋಡದೆ.

ಮಹಾಯುದ್ಧ ಶುರುವಾಗಿ ನಾಲ್ಕನೇ ವರ್ಷ. ಪೆಟ್ರೋಲು ಚೀಟಿಗೆ ಇಷ್ಟೆಂದು ಅಳೆದು ಕೊಡುವ ಕಾಲ. ಹೀಗಾಗಿ ಮೋಟಾರುಗಳು ಇದ್ದಿಲು ಉರಿಸಿ, ಅದರಿಂದ ಬರುವ ಅನಿಲವನ್ನು ಕುಡಿದು ಓಡುತ್ತವೆ. ಓಡುತ್ತವೆ ಅನ್ನುವುದಕ್ಕಿಂತ ಏದುಸಿರು ಬಿಡುತ್ತ ಸಾಗುತ್ತವೆ ಅನ್ನಬೇಕು. ಈ ಒಲೆ ಹದಕ್ಕೆ ಬರಲು ಮುಕ್ಕಾಲು ತಾಸು ಊದಬೇಕು. ದಿನಕ್ಕೆ ಎರಡು ಚೀಲ ಇದ್ದಿಲು, ಧಾರವಾಡಕ್ಕೆ ಎರಡು ಸಲ ಹೋಗಿ ಬರುವುದು, ಒಟ್ಟು ಐವತ್ತೆರಡು ಮೈಲು. ಅಷ್ಟೂ ದೂರ ಲಾಲಬಿ ಒಲೆಯ ಪಕ್ಕದ ಮೆಟ್ಟಿಲ ಮೇಲೆ ನಿಂತೇ ಹೋಗುತ್ತಾರೆ. ಒಳಗೆ ಕುಳಿತ ಇಪ್ಪತ್ತೆರಡು ಜನರಿಗೆ ಅವರ ಮುಖದ ಗುರುತೂ ಇಲ್ಲ.

ಅನಿಲ ಹೊರಬರುವ ಕೊಳವೆಯ ಬಾಯಿಗೆ ಅವರು ಉರಿಯುವ ಕಡ್ಡಿ ಹಿಡಿಯುತ್ತಾರೆ. ಭುಗ್ಗೆಂದು ಉರಿ ಏಳುತ್ತದೆ, ಹಳದಿ. ತಲೆ ಅಲ್ಲಾಡಿಸಿ ಮತ್ತೆ ಹಿಡಿಕೆ ತಿರುಗಿಸುತ್ತಾರೆ. ಇನ್ನೊಂದು ಕಡ್ಡಿ. ಈ ಸಲ ನೀಲಿ, ಅನಿಲ ಹದಕ್ಕೆ ಬಂತು!

"ಯಂಕಣ್ಣ, ಏಳಪಾ! ಚಾಲೂ ಮಾಡು!"

ಯಂಕಣ್ಣ ಬಸ್ಸಿನ ಡ್ರೈವರ್, ಅರ್ಧ ಪಾಲಿನ ಮಾಲೀಕ ಕೂಡ. ಉಳಿದರ್ಧ ಲಾಲಬಿ ಮತ್ತವರ ಗಂಡ ಮಲ್ಲಿಕಸಾಬರದು. ಇಂದು ಬೆಳಗ್ಗೆ ಯಂಕಣ್ಣನ ಮುಖದಲ್ಲಿ ರಕ್ತವೇ ಇಲ್ಲ. ಕಳೆದ ತಿಂಗಳು ಈ ಬಸ್ಸು ನವಲೂರಿನ ಏರಿನಲ್ಲಿ ಎರಡು ಸಲ ನಿಂತುಬಿಟ್ಟಿತ್ತು. ಜನ ಇಳಿದು ನೂಕಿದ್ದರು, ಕೋರ್ಟಿಗೆ ಹೊರಟಿದ್ದ ವಕೀಲರ ಧೋತರ ಮಣ್ಣು ಮೆತ್ತಿ ಕೆಂಪಾಗಿತ್ತು, ದೂರೂ ಹೋಗಿತ್ತು. ಇಂದು ತಪಾಸಣೆಯ ಸಾಹೇಬರು ಖುದ್ದಾಗಿ ಬಸ್ಸಿನಲ್ಲಿ ಬರುತ್ತಾರೆ. ಏರಿನಲ್ಲಿ ಒಬ್ಬನೇ ಒಬ್ಬ ಪ್ರಯಾಣಿಕ ಇಳಿದರೂ ಪರವಾನಗಿ ರದ್ದು.

ಪರವಾನಗಿ ಹೋದರೆ ಲಾಲಬಿಯ ಮುಪ್ಪಿನ ಲೆಕ್ಕಾಚಾರವೆಲ್ಲ ಮಣ್ಣುಪಾಲು.

ಮೂವತ್ತು ವರ್ಷ ಗಂಡಹೆಂಡತಿ ಓಣಿ ಓಣಿ ತಿರುಗಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕಿದವರು. ಮಲ್ಲಿಕಸಾಬರು ತವರ ಬಳಿದರೆ ಲಾಲಬಿ ಒಲೆಗೆ ಗಾಳಿ ಊದುವ ತಿದಿ ಒತ್ತುವುದು. ಹೊಗೆ ಕುಡಿದು ಕುಡಿದು ಮಲ್ಲಿಕಸಾಬರ ಎದೆ ಕೆಟ್ಟಿತು. ಇನ್ನು ಸಾಕೆಂದು ಇಬ್ಬರೂ ನಿರ್ಧರಿಸಿದರು. ಕೂಡಿಟ್ಟಿದ್ದನ್ನೆಲ್ಲ ಈ ಬಸ್ಸಿಗೆ ಸುರಿದು, ಯಂಕಣ್ಣ ಓಡಿಸಲಿ, ಬಂದ ಪಾಲಿನಲ್ಲಿ ತಾವು ಲಾಲಬಿಯ ತವರೂರಾದ ಮುಗದದಲ್ಲಿ ಎರಡು ಆಡು ಕಟ್ಟಿಕೊಂಡು ಕೂರುವುದೆಂದು ಯೋಚನೆ. ಲಾಲಬಿ ತಿದಿಯನ್ನು ದುರ್ಗದಬೈಲಿನ ಹಳೆ ಸಾಮಾನಿನವನಿಗೆ ಕೊಟ್ಟುಬಂದರು. ಸೀಗೆಪುಡಿ ಹಾಕಿ ಮೂರು ದಿನ ಕೈ ತಿಕ್ಕಿದರು. ಮದುವೆಯಾದ ವರ್ಷ ಬಿಟ್ಟರೆ ಮೊದಲ ಸಲ ಆ ಕೈಗಳಿಗೆ ಮೆಹಂದಿ ಹಚ್ಚಿಕೊಂಡರು.

"ಮಸಿಗೈಗೆ ಮೆಹಂದಿ ಯಾಕ್ರಿ, ಕಾಣೂದ ಇಲ್ಲ. ಅವತ್ತ ಕಂಡಿತ್ತು ನೋಡ್ರಿ, ಕೆಂಪ ಕೆಂಪಗ! ರೊಟ್ಟಿ ತಟ್ಟಾಕೂ ಮನಸ್ಸ ಆಗಲಿಲ್ಲ ನನಗ" ಎಂದು ಮಗುವಿನಂತೆ ನಗುತ್ತಾರೆ.

ಆ ಬಣ್ಣ ಮಾಸುವ ಮೊದಲೇ ಪೆಟ್ರೋಲು ಮಾಯವಾಯಿತು. ಬಸ್ಸು ಬೇವಿನ ಮರದ ಕೆಳಗೆ ನಿಂತಿತು. ಡ್ರೈವರ್ ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟಿತು. ಮತ್ತೆ ಕಲಾಯಿಗೇ ಇಳಿಯೋಣವೆಂದರೆ ಮಲಾಯದಿಂದ ಬರುತ್ತಿದ್ದ ತವರವೂ ನಿಂತುಹೋಗಿತ್ತು. ಯುದ್ಧ ನಡೆದದ್ದು ಎಲ್ಲೋ, ಪೆಟ್ಟು ಬಿದ್ದದ್ದು ಮಾತ್ರ ಇವರ ಮನೆಯ ಒಲೆಗೆ. ಕಡೆಗೆ ಸಾಲಸೋಲ ಮಾಡಿ ಇದ್ದಿಲ ಒಲೆ ಕಟ್ಟಿಸಿದರೆ, ಯಂಕಣ್ಣನಿಗೆ ಬೆಂಕಿಯ ಗಂಧಗಾಳಿ ಇಲ್ಲ. ಚೀಲಗಟ್ಟಲೆ ಸುಟ್ಟರೂ ಹೊಗೆಯೇ ಹೊರತು ಶಕ್ತಿಯಿಲ್ಲ.

ಒಂದು ದಿನ ಲಾಲಬಿ ಬಂದು ಚೀಲದೊಳಗೆ ಕೈ ಹಾಕಿ ಒಂದು ತುಂಡು ಮೂಸಿದರು. "ಇದು ಇದ್ದಲಿ ಅಲ್ಲೋ ಯಂಕಣ್ಣ, ಹಸೀ ಕಟಗಿ! ಪುಡಿ ಬ್ಯಾರೆ ತುಂಬೇದ. ಸರಿ, ನೀ ಗಾಲಿ ನೋಡ್ಕೋ. ಬೆಂಕಿ ನನಗ ಬಿಡು." ಅಂದು ಹಿಡಿದ ಹಿಡಿಕೆಯನ್ನು ಅವರು ಇಂದಿಗೂ ಬಿಟ್ಟಿಲ್ಲ. ಮನೆಯಂಗಳದಲ್ಲಿ ಇದ್ದಿಲು ಒಣಗುತ್ತದೆ. ನಿಂಬೆಹಣ್ಣಿನಷ್ಟು ಗಾತ್ರದ್ದು ಮಾತ್ರ ಚೀಲ ಸೇರುತ್ತದೆ. ಹೊಗೆಯ ಹತ್ತಿರ ಸುಳಿಯಬಾರದ ಮಲ್ಲಿಕಸಾಬರು ರೊಟ್ಟಿಯ ಬುತ್ತಿ ಕಟ್ಟಿಕೊಡುತ್ತಾರೆ. ಹೆಂಡತಿ ತಿರುಗಿ ಬಂದಾಗ ಒಂದೇ ಪ್ರಶ್ನೆ ಕೇಳುತ್ತಾರೆ: "ನವಲೂರ ದಾಟ್ತೇನ?"

ಇಂದು ಸಾಹೇಬರು ಹ್ಯಾಟು ತೊಡೆಯ ಮೇಲಿಟ್ಟುಕೊಂಡು ಯಂಕಣ್ಣನ ಪಕ್ಕದಲ್ಲೇ ಕುಳಿತಿದ್ದಾರೆ. ಉಣಕಲ್ ಕೆರೆ ದಾಟುವವರೆಗೆ ಬಸ್ಸು ಸೊಗಸಾಗಿ ಹೋಗುತ್ತದೆ. ನವಲೂರಿನ ಏರು ಕಾಣುತ್ತಲೇ ಇಂಜಿನ್ನಿನ ದನಿ ದಪ್ಪಗಾಗುತ್ತದೆ, ಆಮೇಲೆ ಗುಕ್ಕು ಗುಕ್ಕೆನ್ನುತ್ತದೆ. ರೂಢಿಬಲದಿಂದ ಇಬ್ಬರು ವಕೀಲರು ಆಗಲೇ ಧೋತರ ಎತ್ತಿ ಕಟ್ಟುತ್ತಾರೆ. ಧಾರವಾಡದ ಶಾಲೆಗೆ ಹೊರಟ ಲಕ್ಷ್ಮೀಬಾಯಿ ಟೀಚರು ಚಪ್ಪಲಿ ಕೈಗೆ ತೆಗೆದುಕೊಳ್ಳುತ್ತಾರೆ. ಸಾಹೇಬರ ಕೈ ಕಿಸೆಯೊಳಗಿನ ಪೆನ್ಸಿಲ್ಲಿಗೆ ಹೋಗುತ್ತದೆ.

"ಚಾಚಿ! ಸತ್ತವಿ!" ಎಂದು ಯಂಕಣ್ಣ ಮುಂದಿನಿಂದ ಕೂಗುತ್ತಾನೆ.

ಲಾಲಬಿಗೆ ಗೊತ್ತಿದೆ, ಇದ್ದಿಲು ಒಣಗಿದ್ದೇ, ಕೆಂಡವೂ ಬೆಳ್ಳಗೆ ಕಾದಿದೆ. ಸಾಲದ್ದು ಒಂದು ಹಿಡಿ ರಭಸ ಮಾತ್ರ. ಕಲಾಯಿಯ ಒಲೆ ಹೀಗೆ ಸೋತಾಗ ಅವರು ಮಾಡುತ್ತಿದ್ದದ್ದು ಒಂದೇ ಉಪಾಯ: ಕಾದ ಕೆಂಡಕ್ಕೆ ಅಂಗೈಯಷ್ಟು ನೀರು ತೋರಿಸುವುದು, ಆ ಆವಿಗೆ ಉರಿ ಇನ್ನಷ್ಟು ಭುಗಿಲೇಳುತ್ತಿತ್ತು. ಆದರೆ ಈ ಒಲೆಗೆ ನೀರು ತಾಗಿಸಬೇಡಿರೆಂದು ಕಟ್ಟಿದ ಮಿಸ್ತ್ರಿ ಕಟ್ಟಪ್ಪಣೆ ಮಾಡಿ ಹೋಗಿದ್ದಾನೆ. ಕಬ್ಬಿಣ ಸೀಳಿದರೆ ಒಲೆಯೂ ಹೋಯಿತು, ಬಸ್ಸೂ ಹೋಯಿತು. ಮುಗದದ ಆಡುಗಳಂತೂ ಕನಸಿನಲ್ಲೂ ಬರಲಾರವು. ಬಸ್ಸು ಈಗ ಆಮೆಗಿಂತ ನಿಧಾನ.

ಬುತ್ತಿಯ ಜೊತೆಗಿದ್ದ ತಂಬಿಗೆಯ ನೀರನ್ನು ಅಂಗೈಗೆ ಬಗ್ಗಿಸಿ, "ಬಿಸ್ಮಿಲ್ಲಾ" ಎಂದವರೇ ಗಾಳಿಕಿಂಡಿಯ ಬಾಯಿಗೆ ಚಿಮುಕಿಸಿಬಿಡುತ್ತಾರೆ.

ಒಲೆ ಚುಂಯ್ ಎನ್ನುತ್ತದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಇಂಜಿನ್ನು ಗಂಟಲು ಸರಿಪಡಿಸಿಕೊಂಡಂತೆ ಗುಡುಗಿ, ಬಸ್ಸು ಮುಂದಕ್ಕೆ ಹಾರುತ್ತದೆ! ನಿಂತಿದ್ದ ವಕೀಲರು ಸೀಟಿಗೆ ಕುಕ್ಕರಿಸುತ್ತಾರೆ. "ಏರಾಕತ್ತೇತಿ! ಏರಾಕತ್ತೇತಿ!" ಎಂದು ಇಡೀ ಬಸ್ಸು ಕೂಗುತ್ತದೆ. ಲಕ್ಷ್ಮೀಬಾಯಿ ಟೀಚರು ಕೈಯಲ್ಲಿದ್ದ ಚಪ್ಪಲಿಗಳಿಂದಲೇ ಚಪ್ಪಾಳೆ ತಟ್ಟುತ್ತಾರೆ. ಲಾಲಬಿ ಇನ್ನೊಂದು ಅಂಗೈ ನೀರು ತೋರಿಸುತ್ತಾರೆ, ಮತ್ತೊಂದು. ಏರಿನ ನೆತ್ತಿ ಹಿಂದೆ ಬೀಳುತ್ತದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಹೊಗೆ ಎಂದು ಹೇಳುವಂತಿಲ್ಲ, ಹೊಗೆಯೇ ಇಲ್ಲ.

ಧಾರವಾಡದಲ್ಲಿ ಇಳಿದ ಸಾಹೇಬರು ಕಾಗದ ಬಿಡಿಸಿ, "ಒಲಿ ನೋಡ್ಕೊಳ್ಳೋ ಮಿಸ್ತ್ರಿ ಯಾರು? ಸಹಿ ಬೇಕು" ಎನ್ನುತ್ತಾರೆ. ಯಂಕಣ್ಣ ಹಿಂದಕ್ಕೆ ಕೈ ತೋರಿಸುತ್ತಾನೆ. ಸಾಹೇಬರು ಮೆಟ್ಟಿಲ ಮೇಲಿನ ಹೆಂಗಸನ್ನು ಎರಡೆರಡು ಸಲ ನೋಡುತ್ತಾರೆ.

"ಸಹಿ ಬರೂದಿಲ್ರಿ ನನಗ" ಎನ್ನುತ್ತಾರೆ ಲಾಲಬಿ.

ಹೆಬ್ಬೆಟ್ಟಿಗೆ ಮಸಿಯ ಡಬ್ಬಿ ತರಿಸಲು ಸಾಹೇಬರು ಅತ್ತಿತ್ತ ನೋಡುತ್ತಾರೆ.

"ಮಸಿ ಯಾಕ್ರಿ ಸಾಹೇಬ್ರ?" ಎಂದು ಲಾಲಬಿ ತಮ್ಮ ಹೆಬ್ಬೆರಳನ್ನು ಹಾಗೇ ಕಾಗದದ ಮೇಲೆ ಒತ್ತುತ್ತಾರೆ. ಗೆರೆಗೆರೆಯೂ ಅಚ್ಚುಕಟ್ಟಾಗಿ ಮೂಡುತ್ತದೆ. ಸಾಹೇಬರು ನಕ್ಕು, ಅದರ ಪಕ್ಕದಲ್ಲಿ ತಾವೇ "ಲಾಲಬಿ, ಮಿಸ್ತ್ರಿ" ಎಂದು ಬರೆದು ಪರವಾನಗಿಯನ್ನು ಯಂಕಣ್ಣನಿಗಲ್ಲ, ಅವರ ಕೈಗೇ ಕೊಡುತ್ತಾರೆ.

ಮಧ್ಯಾಹ್ನ ಹುಬ್ಬಳ್ಳಿಯ ಸ್ಟ್ಯಾಂಡಿನಲ್ಲಿ ಮಲ್ಲಿಕಸಾಬರು ಮಫ್ಲರ್ ಸುತ್ತಿಕೊಂಡು ಕಾಯುತ್ತಿದ್ದಾರೆ. ಮನೆಯಲ್ಲಿ ಕೂರಲಾಗದೆ ಬಂದಿದ್ದಾರೆ. ಹೆಂಡತಿ ಇಳಿಯುವ ಮೊದಲೇ ಅದೇ ಪ್ರಶ್ನೆ ತೂರಿ ಬರುತ್ತದೆ. ಲಾಲಬಿ ಕಾಗದ ತೋರಿಸುತ್ತಾರೆ. ಓದಲು ಬಾರದ ಇಬ್ಬರೂ ಆ ಕಪ್ಪು ಹೆಬ್ಬೆಟ್ಟನ್ನೇ ನೋಡುತ್ತ ನಿಲ್ಲುತ್ತಾರೆ.

ಮುಂದೇನು ಆಸೆ ಎಂದರೆ ಲಾಲಬಿ ಊದುಯಂತ್ರದ ಹಿಡಿಕೆಗೆ ಎಣ್ಣೆ ಬಿಡುತ್ತಲೇ ಉತ್ತರಿಸುತ್ತಾರೆ. "ಯುದ್ಧ ಮುಗೀಲ್ರಿ, ಪೆಟ್ರೋಲ ಬರಲಿ. ಈ ಕೈಗೆ ಮತ್ತ ಮೆಹಂದಿ ಹಚ್ಚಿ, ಮುಂದಿನ ಸೀಟಿನ್ಯಾಗ ಕುಂತು ಮುಗದಕ್ಕ ಹೊಕ್ಕೇನಿ. ಒಂದ ಸಲ ಆದ್ರೂ ಕುಂತು ಹೋಗಬೇಕ್ರಿ." ಒಲೆಯ ಕಬ್ಬಿಣದ ಮೈಯನ್ನು ಸೆರಗಿನಿಂದ ಒರೆಸುತ್ತಾರೆ. "ಆದ್ರ ನವಲೂರ ಬಂದಾಗ ಮಾತ್ರ ಮೆಟ್ಟಲಾ ಹತ್ತಿ ನಿಂತ ನಿಲ್ಲತೇನಿ. ಆ ಏರಿನ್ಯಾಗ ಸುಮ್ಮ ಕುಂದ್ರಾಕ ನನ್ನ ಕೈಲೆ ಆಗೂದಿಲ್ರಿ."